ಮಗಳು ಊಟ ಬಿಟ್ಟಿದ್ದಾಳೆ. ಹಟನಾ, ಕಾಯಿಲೆನಾ?

ಕಾಫಿಹೂವು (ಮೂಡಿಗೆರೆ ಹತ್ತಿರ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಿದ್ದೆ ಅಷ್ಟೇ, ಬರೆಯುತ್ತಿರುವುದು ಇದೇ ಮೊದಲು. ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮಗಳಿಗೆ 17. ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ದಸರಾ ರಜೆಗೆ ಬಂದವಳು ಬಸ್ಸಿನಿಂದ ಇಳಿದಾಗ ನನಗೆ ಗುರುತೇ ಹತ್ತಲಿಲ್ಲ. ಅಷ್ಟು ಇಳಿದುಹೋಗಿದ್ದಳು. ಹಾಸ್ಟೆಲ್ ಊಟ ಸೇರುತ್ತಿಲ್ಲವೇನೋ, ನಾಲ್ಕು ದಿನ ಮನೆಯಲ್ಲಿ ತಿಂದರೆ ಸರಿಹೋಗುತ್ತಾಳೆ ಅಂದುಕೊಂಡು ಕಡುಬು, ಕೋಳಿಸಾರು, ಅಕ್ಕಿರೊಟ್ಟಿ ಎಲ್ಲ ಮಾಡಿದೆ. ಕಡುಬನ್ನು ಚೂರು ಚೂರು ಮಾಡಿ ತಟ್ಟೆಯ ಅಂಚಿಗೆ ಜೋಡಿಸುತ್ತಾ ಮುಕ್ಕಾಲು ಗಂಟೆ ಕೂರುತ್ತಾಳೆ. ಎದ್ದು ಹೋದಮೇಲೆ ನೋಡಿದರೆ ಎಲ್ಲ ಹಾಗೇ ಇರುತ್ತದೆ.

ವಿಚಿತ್ರ ಏನು ಗೊತ್ತಾ? ಮೊಬೈಲ್‌ನಲ್ಲಿ ದಿನವಿಡೀ ನೋಡುವುದು ಅಡುಗೆ ವಿಡಿಯೋ. ತಮ್ಮನಿಗೆ ಅಂತ ತಾನೇ ನಿಂತು ಹೋಳಿಗೆ ತಟ್ಟಿದಳು, ಕೂರಿಸಿ ತಿನ್ನಿಸಿದಳು. ತಾನು ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಸೋಮವಾರ ಉಪವಾಸ, ಶನಿವಾರ ಉಪವಾಸ, ಮೇಲೆ ಸಂಕಷ್ಟಿ. ನಮ್ಮ ಮನೆಯಲ್ಲಿ ಯಾರೂ ಸಂಕಷ್ಟಿ ಮಾಡುವವರಲ್ಲ.

ಮೂರು ತಿಂಗಳಿಂದ ಮುಟ್ಟಾಗಿಲ್ಲ. ಮಧ್ಯಾಹ್ನ ಕೂಡ ಸ್ವೆಟರ್ ಬೇಕು. ತೋಳಿನ ಮೇಲೆ ಹಸುಗೂಸಿಗೆ ಇರುತ್ತದಲ್ಲ, ಅಂಥ ಸಣ್ಣ ಕೂದಲು. ಮಳೆ ಬರಲಿ ಬಿಡಲಿ, ಬೆಳಗ್ಗೆ ತೋಟದ ರಸ್ತೆಯಲ್ಲಿ ಒಂದೂವರೆ ಗಂಟೆ ನಡೆಯಲೇಬೇಕು. ಕೇಳಿದರೆ ‘ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರ’ ಅನ್ನುತ್ತಾಳೆ. ಎಂಡೋಸ್ಕೋಪಿ ಆಯ್ತು, ಏನೂ ಇಲ್ಲವಂತೆ. ಹೋದ ವಾರ ಹಾಸನಾಂಬೆ ದರ್ಶನದ ಸಾಲಿನಲ್ಲಿ ತಲೆಸುತ್ತಿ ಬಿದ್ದಳು.

ಅವರಪ್ಪ ಹಟ ಅನ್ನುತ್ತಾರೆ. ನಮ್ಮತ್ತೆ ದೃಷ್ಟಿ ಅನ್ನುತ್ತಾರೆ, ಎರಡು ಸಲ ಉಪ್ಪು ಮೆಣಸಿನಕಾಯಿ ನೀವಾಳಿಸಿದ್ದೂ ಆಯ್ತು. ನಾನು ಎಲ್ಲಿ ತಪ್ಪಿದೆ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ. ತೂಕ ಮಾರ್ಚ್‌ನಲ್ಲಿ [ಅಳಿಸಲಾಗಿದೆ], ಈಗ [ಅಳಿಸಲಾಗಿದೆ].

ನಿರ್ವಾಹಕ

ಅಕ್ಕ, ಕೆಜಿ ಲೆಕ್ಕ ಅಳಿಸಿದ್ದೇನೆ, ತಪ್ಪು ತಿಳಿಯಬೇಡಿ. ಇದೇ ಕಷ್ಟದಲ್ಲಿ ಇರುವವರು ಇಲ್ಲಿ ಓದುತ್ತಿರುತ್ತಾರೆ. ಅವರ ತಲೆಯಲ್ಲಿ ಆ ಸಂಖ್ಯೆ ಪಂದ್ಯದ ಗುರಿಯಾಗಿಬಿಡುತ್ತದೆ. ಉಳಿದವರಿಗೂ ಅದೇ ಮಾತು. ತೂಕ, ಕ್ಯಾಲರಿ, ಯಾರು ಹೇಗೆ ಸಣ್ಣಗಾದರು ಎಂಬ ವಿವರ ಬೇಡ.

ರಾಗಿಮುದ್ದೆ ರಾಯ (ಚನ್ನರಾಯಪಟ್ಟಣ)

ತಂಗ್ಯಮ್ಮ, ಹೆದರಬೇಡ. ಮೊದಲು ಆ ಮೊಬೈಲ್ ಕಿತ್ತುಕೋ. ಎರಡು ದಿನ ಯಾರೂ ಬಾ ಊಟಕ್ಕೆ ಅಂತ ಕರೆಯಬೇಡಿ, ಹೊಟ್ಟೆ ಚುರುಗುಟ್ಟಿದರೆ ತಾನೇ ಬರುತ್ತಾಳೆ. ನಮ್ಮ ಕಾಲದಲ್ಲಿ ಬಸ್ಸಾರು ಮುದ್ದೆ ನುಂಗಿ ಹೊಲಕ್ಕೆ ಹೋಗುತ್ತಿದ್ದೆವು. ಊಟ ಬಿಡುವ ಕಾಯಿಲೆ ಅಂತ ಒಂದನ್ನು ಕೇಳಿದ್ದೇ ಇಲ್ಲ.

ಸ್ಟೆತಸ್ಕೋಪು

ರಾಯರೇ, ದಯವಿಟ್ಟು ಬೇಡ. ಈ ಹುಡುಗಿಯ ವಿಷಯದಲ್ಲಿ ‘ಎರಡು ದಿನ ಬಿಟ್ಟು ನೋಡೋಣ’ ಅನ್ನುವುದು ಅಪಾಯದ ಮಾತು.

ಮೇಡಂ, ನಾನು ಇದೇ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆ ವೈದ್ಯ. ನೋಡದೆ ರೋಗ ಹೇಳಬಾರದು, ಆದರೂ ನೀವು ಬರೆದದ್ದು ಓದಿದರೆ ಅನೊರೆಕ್ಸಿಯಾ ನರ್ವೋಸಾ, ಅಂದರೆ ತಿನ್ನಲು ಹೆದರಿ ಊಟ ಬಿಟ್ಟು ಸೊರಗುವ ಮಾನಸಿಕ ಕಾಯಿಲೆ, ಇರಬಹುದು ಅನ್ನಿಸುತ್ತದೆ. ಮೊದಲು ಮಾಡಬೇಕಾದ್ದು ಹೇಳಿಬಿಡುತ್ತೇನೆ, ಪುರಾಣ ಆಮೇಲೆ. ನಾಳೆ ಬೆಳಗ್ಗೆಯೇ ಕರೆದುಕೊಂಡು ಹೋಗಿ ನಾಡಿ ನೋಡಿಸಿ. ಬಿಪಿಯನ್ನು ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ. ಇಸಿಜಿ. ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಶುಗರ್. ಥೈರಾಯ್ಡ್ ಕೂಡ ನೋಡಲಿ. ಹಗಲು ಎಚ್ಚರ ಇರುವಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ ಈ ವಯಸ್ಸಿನವರನ್ನು ಒಳರೋಗಿಯಾಗಿ ಸೇರಿಸಿಕೊಳ್ಳುವುದೇ ರೂಢಿ. ಸಾಲಿನಲ್ಲಿ ಬಿದ್ದಿದ್ದಾಳೆ ಅಂದಿರಲ್ಲ, ಅದಕ್ಕೇ ಈ ಅವಸರ. ಬೆಳಗಿನ ನಡಿಗೆ ಇವತ್ತಿಗೇ ನಿಲ್ಲಲಿ.

ಈಗ ಹೋಳಿಗೆ ವಿಷಯ. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರುಮಾಡಿದರು. ಯುದ್ಧದಲ್ಲಿ ಹಸಿದು ಸೊರಗಿದವರಿಗೆ ಮತ್ತೆ ಊಟ ಕೊಡುವುದು ಹೇಗೆ ಅಂತ ತಿಳಿಯಬೇಕಿತ್ತು. 36 ಮಂದಿ ಗಟ್ಟಿಮುಟ್ಟಾದ ಯುವಕರು ತಾವಾಗೇ ಮುಂದೆ ಬಂದರು. ಸುಮಾರು ಆರು ತಿಂಗಳು ಅವರಿಗೆ ಹೆಚ್ಚುಕಡಿಮೆ ಅರ್ಧ ಊಟ. ಮೈತೂಕದಲ್ಲಿ ಕಾಲು ಭಾಗ ಹೋಯಿತು. ಅದು ಗೊತ್ತಿದ್ದದ್ದೇ, ಮನಸ್ಸಿಗೆ ಆದದ್ದು ನೋಡಿ. ಗಂಡಸರು ಅಡುಗೆ ಪುಸ್ತಕ ಓದತೊಡಗಿದರು, ರೆಸಿಪಿ ಕೂಡಿಡತೊಡಗಿದರು. ತಟ್ಟೆಯಲ್ಲಿದ್ದದ್ದನ್ನು ಕಲಸಿ ಆಡಿಸಿ ಗಂಟೆಗಟ್ಟಲೆ ತಿನ್ನುತ್ತಿದ್ದರು. ಬೇಸಿಗೆಯಲ್ಲೂ ಚಳಿ. ಸಿಡುಕು, ಮಂಕು. ಸ್ನೇಹಿತರು ಬೇಡವಾದರು. ಅವರಲ್ಲಿ ಯಾರಿಗೂ ಮೊದಲು ಮನೋರೋಗ ಇರಲಿಲ್ಲ.

ನಿಮ್ಮ ಮಗಳು ಹೋಳಿಗೆ ತಟ್ಟಿದ್ದು, ಕಡುಬು ಚೂರು ಮಾಡಿದ್ದು, ಸ್ವೆಟರ್ ಹಾಕಿಕೊಂಡದ್ದು ಇದರಲ್ಲಿ ಕಾಣುತ್ತಿಲ್ವಾ? ಹಸಿದ ಮೆದುಳು ಹಾಗೇ ನಡೆದುಕೊಳ್ಳುತ್ತದೆ. ಅನೊರೆಕ್ಸಿಯಾ ಅಂದರೆ ಅಕ್ಷರಶಃ ಹಸಿವಿಲ್ಲದಿರುವುದು. ಕಾಯಿಲೆಗೆ ಹೆಸರಿಟ್ಟವರೇ ಅಲ್ಲಿ ಎಡವಿದರು ಅಂತ ನನ್ನ ಅಭಿಪ್ರಾಯ. ಹಸಿವು ಇರುತ್ತದೆ, ತಿನ್ನಲು ಭಯ.

ರಾಯರೇ, ನಿಮಗೂ ಒಂದು ಮಾತು. 1873ರಲ್ಲೇ ಲಂಡನ್ನಿನ ಗಲ್, ಪ್ಯಾರಿಸ್ಸಿನ ಲಾಸೆಗ್ ಎಂಬ ವೈದ್ಯರು ಇದನ್ನು ಬೇರೆ ಬೇರೆಯಾಗಿ ವಿವರಿಸಿದ್ದರು. ಆಗ ಮೊಬೈಲ್ ಇರಲಿಲ್ಲ.

ಹೇಮಾವತಿ ದಡ (ಹಾಸನ)

ಕಾಫಿಹೂವು ಅಕ್ಕ, ನಿಮ್ಮದು ಓದಿ ಕೈ ನಡುಗಿತು. ನನ್ನದು ಬೇರೆ ಥರ. ಬರೆಯಬೇಕೋ ಬೇಡವೋ ಅಂತ ಸುಮ್ನೆ ಕೂತಿದ್ದೆ.

ನನಗೆ ಈಗ 29. ಹುಡುಗಿ ನೋಡಲು ಬಂದವರು ಹೋಗುವಾಗ ಅಂಗಳದಲ್ಲಿ ನಿಂತು ‘ಹುಡುಗಿ ಲಕ್ಷಣವಾಗಿದ್ದಾಳೆ, ಸ್ವಲ್ಪ ಕಡಿಮೆ ಆದರೆ ಚೆನ್ನ’ ಅಂದರು. ಅದೊಂದೇ ಕಾರಣ ಅಂತ ಹೇಳಲ್ಲ. ಅಂಥ ಮಾತು ಎಲ್ಲರೂ ಕೇಳಿರುತ್ತಾರೆ, ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ನಾನು ಚಿಕ್ಕಂದಿನಿಂದ ನೂರಕ್ಕೆ 98 ಬಂದರೆ ಉಳಿದ ಎರಡಕ್ಕೆ ಅಳುವವಳು. ಅವತ್ತಿಂದ ಬೆಳಗಿನ ತಿಂಡಿ ಬಿಟ್ಟೆ, ಆಮೇಲೆ ಮಧ್ಯಾಹ್ನದ ಊಟ. ಬೆಂಗಳೂರಿನ ಪಿಜಿಯಲ್ಲಿ ಕೇಳುವವರು ಯಾರು? ರಾತ್ರಿ ಹನ್ನೊಂದಕ್ಕೆ ಕಟ್ಟೆ ಒಡೆಯುತ್ತಿತ್ತು. ಬ್ರೆಡ್ಡು, ಬಿಸ್ಕತ್ತು, ರೂಂಮೇಟ್ ತಂದಿಟ್ಟ ಚಕ್ಕುಲಿ, ಕೈಗೆ ಸಿಕ್ಕಿದ್ದೆಲ್ಲ. ರುಚಿಯೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ನಾಚಿಕೆ, ವಾಂತಿ, ‘ನಾಳೆಯಿಂದ ಏನೂ ತಿನ್ನಲ್ಲ’ ಎಂಬ ಆಣೆ. ಮರುದಿನ ರಾತ್ರಿ ಮತ್ತೆ ಅದೇ.

ನಾಲ್ಕು ವರ್ಷ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ತೂಕ ಬದಲಾಗಲೇ ಇಲ್ಲ. ಇದಕ್ಕೆ ಬುಲಿಮಿಯಾ ಅನ್ನುತ್ತಾರೆ. ಜನ ಕಡ್ಡಿಯಂತಾದವರನ್ನು ಮಾತ್ರ ಕಾಯಿಲೆಯವರು ಅಂದುಕೊಳ್ಳುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕಾಲು ಸೋತು ಬಿದ್ದಾಗ ಪೊಟ್ಯಾಸಿಯಂ ಎಷ್ಟು ಕೆಳಗಿತ್ತು ಅಂದರೆ, ಇನ್ನೂ ಇಳಿದಿದ್ದರೆ ಎದೆಬಡಿತವೇ ತಪ್ಪುತ್ತಿತ್ತು ಅಂದರು ಡಾಕ್ಟ್ರು. ಇನ್ನೊಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ‘ಮದುವೆ ಮಾಡಿ, ಸರಿಹೋಗುತ್ತೆ’ ಅಂತ ಅಮ್ಮನಿಗೆ ಹೇಳಿ ಕಳಿಸಿದ್ದರು!

ಚಿಕಿತ್ಸೆ ಅಂದರೆ ಮಂಚದ ಮೇಲೆ ಮಲಗಿಸಿ ಬಾಲ್ಯ ಕೇಳುತ್ತಾರೆ ಅಂದುಕೊಂಡಿದ್ದೆ. ಮೊದಲ ದಿನ ಕೊಟ್ಟಿದ್ದು ಒಂದು ನೋಟ್‌ಬುಕ್. ಮೂರು ಊಟ, ನಡುವೆ ಎರಡು ತಿಂಡಿ, ಹೆಚ್ಚೆಂದರೆ ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬಾರದು. ತಿಂದದ್ದನ್ನು ಆಗಲೇ ಬರೆಯಬೇಕು, ಆಗ ಮನಸ್ಸಿನಲ್ಲಿ ಏನಿತ್ತು ಅಂತಲೂ. ‘ರಾತ್ರಿ ತಿನ್ನುವುದನ್ನು ಆಮೇಲೆ ನೋಡೋಣ, ಬೆಳಗ್ಗೆ ಬಿಡುವುದನ್ನು ಮೊದಲು ಬಿಡು’ ಅಂದರು. ನನಗೆ ನಗು ಬಂತು. ಆದರೆ ಎರಡೇ ವಾರದಲ್ಲಿ ರಾತ್ರಿಯ ಆ ಹುಚ್ಚು ಅರ್ಧಕ್ಕೆ ಇಳಿಯಿತು. ಸಿಬಿಟಿ ಅಂತಾರೆ, ಯೋಚನೆ, ಅಭ್ಯಾಸ ಎರಡನ್ನೂ ತಿದ್ದುವ ಮಾತಿನ ಚಿಕಿತ್ಸೆ, ಒಟ್ಟು ಇಪ್ಪತ್ತು ಸಲ ಹೋದೆ. ಜೊತೆಗೆ ಫ್ಲೂಆಕ್ಸೆಟಿನ್ ಅಂತ, ಖಿನ್ನತೆಗೂ ಕೊಡುವ ಮಾತ್ರೆ. ಈಗಲೂ ಮದುವೆಮನೆ ಊಟದಲ್ಲಿ ಎಲೆ ಮುಂದೆ ಕೂತರೆ ಎದೆ ಡವಡವ ಅನ್ನುತ್ತದೆ. ತಿಂದು ಏಳುತ್ತೇನೆ.

ಹಲ್ಲಿನ ಡಾಕ್ಟ್ರು

ಹೇಮಾವತಿಯವರ ಮಾತಿಗೆ ನನ್ನದೊಂದು ಸಣ್ಣ ಸೇರಿಕೆ. ಮನೆಯವರಿಗಿಂತ ಮೊದಲು ಇದು ನಮ್ಮ ಕುರ್ಚಿಯಲ್ಲಿ ಗೊತ್ತಾಗುವುದುಂಟು. ಮೇಲಿನ ಮುಂದಿನ ಹಲ್ಲುಗಳ ಒಳಮೈ ಆಸಿಡ್ಡಿಗೆ ಸವೆದು ನುಣ್ಣಗಾಗಿರುತ್ತದೆ. ಕಿವಿಯ ಕೆಳಗಿನ ಜೊಲ್ಲುಗ್ರಂಥಿ ಊದಿ ಕೆನ್ನೆ ತುಂಬಿದಂತೆ ಕಾಣುತ್ತದೆ, ಪಾಪ, ಅದನ್ನೇ ದಪ್ಪ ಆದೆ ಅಂದುಕೊಳ್ಳುತ್ತಾರೆ. ಈ ತೊಂದರೆ ಇರುವವರು ಯಾರಾದರೂ ಓದುತ್ತಿದ್ದರೆ, ವಾಂತಿಯಾದ ಕೂಡಲೇ ಬ್ರಷ್ ಮಾಡಬೇಡಿ. ಮೆತ್ತಗಾದ ಎನಾಮಲ್ ಇನ್ನಷ್ಟು ಕಿತ್ತುಬರುತ್ತದೆ. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಡೆಂಟಿಸ್ಟ್ ಬಯ್ಯುತ್ತಾರೆ ಅಂತ ಹೆದರಿ ಬರದೇ ಇರಬೇಡಿ.

ಮಲ್ನಾಡ್ ಹುಡುಗ

ಎಲ್ಲ ಸರಿ. ಆದರೆ ದಪ್ಪ ಇದೀಯ ಅನ್ನಲೇಬಾರದು ಅಂದರೆ ಹೇಗೆ? ಊರಿಗೆ ಊರೇ ಶುಗರ್, ಬಿಪಿ. ನಾನು ಜಿಮ್‌ಗೆ ಹೋಗುತ್ತೇನೆ, ಅನ್ನ ಬಿಟ್ಟು ಎಂಟು ತಿಂಗಳಾಯ್ತು, ಸಿಹಿ ಮುಟ್ಟಲ್ಲ. ಇದೂ ಕಾಯಿಲೆನಾ? ಹುಡುಗಿಯರ ಸಮಸ್ಯೆಯನ್ನು ಎಲ್ಲರ ಮೇಲೂ ಹಾಕಬೇಡಿ.

ಸ್ಟೆತಸ್ಕೋಪು

ಅನ್ನ ಬಿಡುವುದು ಕಾಯಿಲೆ ಅಲ್ಲ ತಮ್ಮಾ. ಅಣ್ಣನ ಮದುವೆಯಲ್ಲಿ ಒಂದು ತುತ್ತು ಅನ್ನ ತಿಂದದ್ದಕ್ಕೆ ರಾತ್ರಿ ನಿದ್ದೆ ಬರದಿದ್ದರೆ, ಜಿಮ್ ಒಂದು ದಿನ ತಪ್ಪಿದರೆ ಲೋಕವೇ ಮುಳುಗಿದಂತಾದರೆ, ಕನ್ನಡಿ ಮುಂದೆ ಎಷ್ಟು ನಿಂತರೂ ತೋಳು ಸಣ್ಣದಾಗೇ ಕಂಡರೆ ಬಂದು ಮಾತಾಡು. ಗಂಡುಮಕ್ಕಳಿಗೂ ಬರುತ್ತದೆ. ಹುಡುಗರಲ್ಲಿ ಯಾರೂ ಅನುಮಾನ ಪಡುವುದಿಲ್ಲವಾದ್ದರಿಂದ ತಡವಾಗಿ ಗೊತ್ತಾಗುತ್ತದೆ. ಇನ್ನು ಬಯ್ದು ತೂಕ ಇಳಿಸಿದವರನ್ನು ನಾನಂತೂ ಕಂಡಿಲ್ಲ. ಬಯ್ಸಿಕೊಂಡು ಕದ್ದು ತಿನ್ನಲು ಕಲಿತವರನ್ನು ಕಂಡಿದ್ದೇನೆ. ವಾಂತಿ ಗೀಂತಿ ಇಲ್ಲದೆ, ತಡೆಯಲಾರದೆ ತಿಂದು ಕೊರಗುವುದೂ ಒಂದು ಕಾಯಿಲೆಯೇ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಬೇರೆ ರೋಗವಾಗಿ ಸೇರಿಸಿತು.

ಕಾರಣ ಕೇಳಿದಿರಿ ಮೇಡಂ, ಎಲ್ಲಿ ತಪ್ಪಿದೆ ಅಂತ. ಅವಳಿ ಮಕ್ಕಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನಗಳಲ್ಲಿ ಇದು ವಂಶದಲ್ಲೂ ಹರಿಯುತ್ತದೆ ಅಂತ ಕಂಡಿದೆ. ಮೇಲಿಂದ ಗಾಬರಿಯ ಸ್ವಭಾವ, ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟ, ಹರೆಯ, ಪರೀಕ್ಷೆ. ಕೊನೆಗೆ ಯಾವುದೋ ನೆಪಕ್ಕೆ ತೂಕ ಇಳಿಯುತ್ತದೆ. ಅದು ಡಯಟ್ ಇರಬಹುದು, ಟೈಫಾಯ್ಡ್ ಕೂಡ ಇರಬಹುದು. ಇಳಿದ ತೂಕವೇ ಕಾಯಿಲೆಗೆ ಕಿಡಿ. ಹೊರಗಿನ ಗಾಳಿಯೂ ಇದೆ, ಇಲ್ಲ ಅನ್ನಲ್ಲ. ಫಿಜಿ ದ್ವೀಪದಲ್ಲಿ ಮೈ ತುಂಬಿಕೊಂಡಿದ್ದರೇ ಚೆಂದ ಅನ್ನುತ್ತಿದ್ದರು. 1995ರಲ್ಲಿ ಅಲ್ಲಿನ ಒಂದು ಪ್ರಾಂತಕ್ಕೆ ಟಿವಿ ಬಂತು. ಮೂರು ವರ್ಷದ ನಂತರ ಆನ್ ಬೆಕರ್ ಎಂಬ ಸಂಶೋಧಕಿ ಮತ್ತೆ ಕೇಳಿದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವ ಶಾಲಾ ಹುಡುಗಿಯರು ಸಿಕ್ಕರು, ಮೊದಲ ಸಲ ಅಂಥವರು ಇರಲೇ ಇಲ್ಲ. ಹಾಗಂತ ಟಿವಿ ನೋಡಿದ ಹುಡುಗಿಯರೆಲ್ಲ ಹಾಗಾಗಲಿಲ್ಲ. ತಾಯಿ ತಪ್ಪು ಅನ್ನುವ ಕಾಲ ಹೋಯಿತು.

ಗ್ಯಾಸ್ಟ್ರಿಕ್ ಅನ್ನುವುದು ಸುಳ್ಳು ಅಂತ ಮಗಳ ಮೇಲೆ ರೇಗಬೇಡಿ. ಹೊಟ್ಟೆಗೆ ಕಡಿಮೆ ಬಿದ್ದರೆ ಜೀರ್ಣವೇ ನಿಧಾನವಾಗಿ ನಿಜಕ್ಕೂ ಉಬ್ಬರಿಸುತ್ತದೆ. 1990ರ ದಶಕದಲ್ಲಿ ಹಾಂಗ್‌ಕಾಂಗ್‌ನ ಸಿಂಗ್ ಲೀ ಎಂಬ ಮನೋವೈದ್ಯರು, ‘ದಪ್ಪ ಆಗುತ್ತೇನೆ’ ಅನ್ನದೆ ‘ಹೊಟ್ಟೆ ಉಬ್ಬರ’ ಎಂದಷ್ಟೇ ಹೇಳುವ ಅನೊರೆಕ್ಸಿಯಾ ರೋಗಿಗಳ ಬಗ್ಗೆ ಬರೆದರು. ನಮ್ಮಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದವರಲ್ಲಿ ಇಂಥವರು ಇದ್ದರೇನೋ ಅಂತ ನನಗೇ ಆಗಾಗ ಅನ್ನಿಸುತ್ತದೆ.

ರಾಗಿಮುದ್ದೆ ರಾಯ

ನಮ್ಮ ಚಿಕ್ಕಮ್ಮ ಒಬ್ಬರಿದ್ದರು. ದೇವರು ಬರುತ್ತದೆ ಅಂತ ಊಟ ಬಿಟ್ಟಿದ್ದರು. ನಾನಾಗ ಆರನೇ ಕ್ಲಾಸು. ಊರವರು ಬಂದು ಕಾಲಿಗೆ ಬೀಳುತ್ತಿದ್ದರು. ಅವರ ತೋಳಿನ ಮೇಲೂ ಹಾಗೇ ಸಣ್ಣ ಕೂದಲಿತ್ತು. ಮೇಲಿನ ನನ್ನ ಸಲಹೆ ಅಳಿಸಿಬಿಡಿ ನಿರ್ವಾಹಕರೇ.

ಕಾಫಿಹೂವು

ಡಾಕ್ಟ್ರೇ, ನಿಮ್ಮ ಮಾತು ಕೇಳಿ ಇವತ್ತೇ ಹೋದೆವು. ನಾಡಿ 44. ನರ್ಸು ಎರಡು ಸಲ ಎಣಿಸಿದರು. ಸೇರಿಸಿಕೊಂಡಿದ್ದಾರೆ. ಅವರಪ್ಪ ಮಾತಾಡುತ್ತಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಊಟ ಜಾಸ್ತಿ ಕೊಡಬೇಡಿ, ನಿಧಾನ ಅನ್ನುತ್ತಿದ್ದಾರಲ್ಲ, ಯಾಕೆ? ಹಸಿದವಳಿಗೆ ಹೊಟ್ಟೆ ತುಂಬಾ ಕೊಡಬಾರದಾ?

ಸ್ಟೆತಸ್ಕೋಪು

ಅವರು ಮಾಡುತ್ತಿರುವುದು ಸರಿ. ಬಹಳ ದಿನ ಸೊರಗಿದ ಮೈಗೆ ಒಮ್ಮೆಲೇ ಊಟ ಬಿದ್ದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಕೆಳಗೆ ಇಳಿದು ಎದೆಗೆ ತೊಂದರೆ. ಎರಡನೇ ಮಹಾಯುದ್ಧ ಮುಗಿದಾಗ ಬಿಡುಗಡೆಯಾದ ಕೈದಿಗಳು ಹೊಟ್ಟೆ ತುಂಬ ಉಂಡು ಸತ್ತದ್ದಿದೆ. ಅದಕ್ಕೇ ದಿನಾ ರಕ್ತ ನೋಡಿ, ಬಿ1 ವಿಟಮಿನ್ ಕೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ.

ಮನೆಗೆ ಬಂದಮೇಲೆ ನಿಜವಾದ ಕೆಲಸ. ಈ ವಯಸ್ಸಿನವರಿಗೆ ಚೆನ್ನಾಗಿ ಹತ್ತಿರುವುದು ಮನೆಯವರೇ ಊಟದ ಹೊಣೆ ಹೊರುವ ಚಿಕಿತ್ಸೆ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಶುರುವಾದದ್ದು. ಏನು, ಎಷ್ಟು, ಯಾವಾಗ ಅಂತ ಸದ್ಯಕ್ಕೆ ನೀವು ತೀರ್ಮಾನಿಸುತ್ತೀರಿ, ಅವಳಲ್ಲ. ಅಪ್ಪ ಅಮ್ಮ ಇಬ್ಬರದೂ ಒಂದೇ ಮಾತಿರಬೇಕು. ತಟ್ಟೆ ಮುಂದೆ ವಾದ ಬೇಡ, ಬೈಗುಳ ಬೇಡ, ‘ಈಗ ಇದನ್ನು ಉಣ್ಣುವ ಹೊತ್ತು’ ಅಷ್ಟೇ. ತೂಕ ಸರಿಹೋದಂತೆ ತುತ್ತಿನ ಅಧಿಕಾರ ಅವಳಿಗೆ ವಾಪಸ್. ತೂಕವೇ ಏರುವಂತೆ ಮಾಡುವ ಮಾತ್ರೆ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಅನೊರೆಕ್ಸಿಯಾದ ಮೂಲಕ್ಕೇ ನಾಟುವ ಮಾತ್ರೆ ಇಲ್ಲ. ಊಟವೇ ಮಾತ್ರೆ. ಮುಟ್ಟು ನಿಂತಷ್ಟು ಕಾಲ ಮೂಳೆಯೂ ಸವೆಯುತ್ತಿರುತ್ತದೆ, ಹಾಗಾಗಿ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ.

ಹೇಮಾವತಿ ದಡ

ಅಕ್ಕ, ರಾತ್ರಿ ಹೊತ್ತು ಯಾರೊಡನಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಟೆಲಿ ಮಾನಸ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಇಪ್ಪತ್ತನಾಲ್ಕು ಗಂಟೆ. ಮನೆಯವರೂ ಮಾಡಬಹುದು, ರೋಗಿಯೇ ಮಾಡಬೇಕು ಅಂತಿಲ್ಲ. ದೊಡ್ಡದಾಗಿ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇದೆ. ಇನ್ಶೂರೆನ್ಸ್ ಇದ್ದರೆ ಕೇಳಿ ನೋಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೈ ಕಾಯಿಲೆಗೆ ಕೊಟ್ಟ ಹಾಗೇ ಮನಸ್ಸಿನ ಕಾಯಿಲೆಗೂ ಕೊಡಬೇಕು. ನನಗೆ ಮೊದಲು ಇಲ್ಲ ಅಂದಿದ್ದರು, ಕಾಯ್ದೆ ಹೆಸರು ಬರೆದು ಕಾಗದ ಕೊಟ್ಟಮೇಲೆ ದಾರಿಗೆ ಬಂದರು.

ಕಾಫಿಹೂವು (ಐದು ವಾರದ ನಂತರ)

ಎಲ್ಲರೂ ಕೇಳುತ್ತಿದ್ದಿರಿ, ಬರೆಯಲು ಬಿಡುವಾಗಲಿಲ್ಲ. ಹನ್ನೆರಡು ದಿನ ಆಸ್ಪತ್ರೆ. ಈಗ ಮನೆಯಲ್ಲಿ. ಕಾಲೇಜಿಗೆ ಈ ವರ್ಷ ರಜೆ ಹಾಕಿಸಿದೆವು.

ಸುಳ್ಳು ಹೇಳಲ್ಲ, ಮೊದಲ ವಾರ ನರಕ. ಅಕ್ಕಿರೊಟ್ಟಿ ಗೋಡೆಗೆ ಹೋಯಿತು. ‘ನೀನು ಅಮ್ಮನೇ ಅಲ್ಲ’ ಅಂದಳು. ತುತ್ತನ್ನು ಸ್ವೆಟರ್ ತೋಳಿನೊಳಗೆ ಬಚ್ಚಿಟ್ಟದ್ದು ಬಟ್ಟೆ ಒಗೆಯುವಾಗ ಸಿಕ್ಕಿತು. ನಾನು ಬಚ್ಚಲಲ್ಲಿ ನಿಂತು ಅತ್ತೆ.

ಅವರಪ್ಪನ ವಿಷಯ ಹೇಳಲೇಬೇಕು. ಹಣ್ಣು ಕೊಯ್ಲು ಶುರುವಾಗಿದೆ, ಅರೇಬಿಕಾ ಗಿಡದಲ್ಲೇ ಕಪ್ಪಾಗುತ್ತಿದೆ, ಆಳು ಸಿಕ್ಕಿದ ದಿನ ತೋಟದಲ್ಲಿ ಇರಲೇಬೇಕು. ಆದರೂ ದಿನಕ್ಕೆ ಮೂರು ಸಲ ಬೂಟು ಕಳಚಿ ಬಂದು ಅವಳ ಪಕ್ಕ ಕೂರುತ್ತಾರೆ. ಒಂದೊಂದು ಸಲ ಮುಕ್ಕಾಲು ಗಂಟೆ. ಜಾಸ್ತಿ ಮಾತಿಲ್ಲ. ಇವತ್ತು ಎಷ್ಟು ಮೂಟೆ ಆಯ್ತು, ನಾಯಿ ಏನು ಮಾಡಿತು, ಅಂಥದ್ದು. ಹಟ ಅನ್ನುವ ಪದ ಆ ನಾಡಿ ಎಣಿಸಿದ ದಿನದಿಂದ ಅವರ ಬಾಯಲ್ಲಿ ಬಂದಿಲ್ಲ. ಅತ್ತೆಗೆ ಮಾತ್ರ ‘ಈಗ ಮುಖ ತುಂಬಿಕೊಂಡಿದೆ’ ಅನ್ನಬೇಡಿ ಅಂತ ಎಷ್ಟು ಹೇಳಿದರೂ ಆಗುತ್ತಿಲ್ಲ. ಪ್ರೀತಿಗೇ ಹೇಳುತ್ತಾರೆ, ಅವಳು ಅವತ್ತು ರಾತ್ರಿ ಉಣ್ಣುವುದಿಲ್ಲ.

ತೂಕ ನಿಧಾನ ಏರುತ್ತಿದೆ, ಸಂಖ್ಯೆ ಬರೆಯಲ್ಲ! ನಾಡಿ 62. ಮುಟ್ಟು ಇನ್ನೂ ಬಂದಿಲ್ಲ. ಸಿಡುಕು ಇದೆ. ಅಡುಗೆ ವಿಡಿಯೋ ನೋಡುವುದು ಕಡಿಮೆಯಾಗಿದೆ, ಅದು ಗಮನಕ್ಕೆ ಬಂದು ನಿಮ್ಮ ಆ 36 ಜನ ನೆನಪಾದರು ಡಾಕ್ಟ್ರೇ.

ಕಡೂರು ಕೊಬ್ಬರಿ

ನಮಸ್ಕಾರ. ಹಳೇ ಚರ್ಚೆಗೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ, 15 ವರ್ಷ, ಕಬಡ್ಡಿ ಆಡುತ್ತಾನೆ. ತೂಕದ ಗುಂಪಿಗೆ ಸೇರಲು ಊಟ ಬಿಟ್ಟವನು ಪಂದ್ಯ ಮುಗಿದು ಎರಡು ತಿಂಗಳಾದರೂ ಉಣ್ಣುತ್ತಿಲ್ಲ. ಹುಡುಗರಿಗೂ ಬರುತ್ತೆ ಅಂತ ಇಲ್ಲೇ ಓದಿದೆ. ಎಲ್ಲಿಂದ ಶುರುಮಾಡಲಿ? ಮನೋವೈದ್ಯರು ಅಂದರೆ ಅವನು ಮನೆಯಿಂದ ಆಚೆ ಬರಲ್ಲ.

ಕಾಫಿಹೂವು

ಅಣ್ಣ, ನಮ್ಮವಳೂ ಬರಲ್ಲ ಅಂದಿದ್ದಳು. ತಲೆಸುತ್ತಿಗೆ ತೋರಿಸೋಣ ಅಂತ ಕರೆದುಕೊಂಡು ಹೋದೆವು, ಅದು ಸುಳ್ಳೂ ಆಗಿರಲಿಲ್ಲ. ಮೊದಲು ಮಾಮೂಲಿ ಡಾಕ್ಟ್ರ ಹತ್ತಿರವೇ ಹೋಗಿ. ಮೇಲೆ ಸ್ಟೆತಸ್ಕೋಪು ಅವರು ಬರೆದ ಟೆಸ್ಟ್‌ಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಲು ಹೋದರೆ ಗಾಬರಿಯಲ್ಲಿ ಫಾಸ್ಫೇಟ್ ಮರೆತುಹೋಗುತ್ತದೆ, ನನಗೆ ಹಾಗೇ ಆಯ್ತು. ಸರ್ಕಾರಿ ಆಸ್ಪತ್ರೆ ಆದರೆ ಎಂಟೂವರೆಗೇ ಚೀಟಿ ಮಾಡಿಸಿ. ಹುಡುಗನಿಗೆ ಹೋಗುವ ಮುಂಚೆ ಏನಾದರೂ ಕುಡಿಸಿ, ಸಾಲು ಉದ್ದ ಇರುತ್ತದೆ. ಕೋಚ್‌ಗೆ ಇವತ್ತೇ ಫೋನ್ ಮಾಡಿ ಪ್ರಾಕ್ಟೀಸ್ ಬೇಡ ಅನ್ನಿ.

ನಾಡಿ ಎಷ್ಟು ಬಂತು ಅಂತ ನಾಳೆ ಇಲ್ಲಿ ಬರೆಯಿರಿ. ನಾನು ರಾತ್ರಿ ಒಂಬತ್ತಕ್ಕೆ, ಅವಳ ಹಾಲಿನ ಲೋಟ ಖಾಲಿಯಾದಮೇಲೆ ನೋಡುತ್ತೇನೆ.